ಕನ್ನಡಕದಕ್ಕನ ಕೈಗಡಿಯಾರ

ಪ್ರಯೋಗಶಾಲೆಯಲ್ಲಿ ಲೇಸರ್ ಹೊಂದಿಸುವ ಆ ಹೆಂಗಸಿಗೆ ಕನ್ನಡಕದಕ್ಕ ಎಂದೇ ಹೆಸರು. ಲೇಸರ್ ತಡೆಯುವ ಕನ್ನಡಕ ಹಾಕದೆ, ಗಡಿಯಾರ ಬಿಚ್ಚದೆ ಒಳಗೆ ಬಂದವರನ್ನು ಅವಳು ಹುರಿದು ಮುಕ್ಕುತ್ತಿದ್ದಳು. ಅಲ್ಲಿನ ಕೆಲಸ ಅಂಥದ್ದು. ಪ್ರೋಟೀನಿನ ತುಣುಕಾದ ಪೆಪ್ಟೈಡಿಗೆ ವಿದ್ಯುದಂಶ ತುಂಬಿ, ಗಾಳಿ ತೆಗೆದ ಉಕ್ಕಿನ ಪಾತ್ರೆಯಲ್ಲಿ ಅದರ ನಡುಕ ಅಡಗುವಷ್ಟು ತಣ್ಣಗಾಗಿಸಿ, ಮೇಲೆ ಲೇಸರ್ ಬಿಡುತ್ತಾರೆ. ಅದು ಯಾವ ಬೆಳಕನ್ನು ನುಂಗಿತು ಎಂಬುದರಿಂದ ಅದು ಹೇಗೆ ಮಡಿಚಿಕೊಂಡಿದೆ ಎಂದು ತಿಳಿಯುತ್ತದೆ. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣನ್ನು ಸುಡಬಲ್ಲದು.

ಅಂದು ಲೇಸರಿನ ದಾರಿ ತಿದ್ದುವ ಕನ್ನಡಿ ತಿರುಗಿಸುವಾಗ ಎಲ್ಲೋ ಟಪ್ ಎಂದಿತು. ಅಕ್ಕ ನೋಡಿಕೊಂಡರೆ, ಬೆವರಿಗೆ ಮಸುಕಾದ ಕನ್ನಡಕ ಹಣೆಯ ಮೇಲಿತ್ತು, ಗಡಿಯಾರ ಕೈಯಲ್ಲೇ ಇತ್ತು. ಎದುರಿಗೆ, ಎಷ್ಟು ಬೈದರೂ ಕೇಳದ, ಪ್ರಯೋಗಶಾಲೆಯ ಹಿರಿಯ ಮೇಷ್ಟ್ರು ಬರಿಗಣ್ಣಲ್ಲಿ ಯಂತ್ರದತ್ತ ಬಗ್ಗಿದ್ದರು. ಕೂಡಲೇ ಲೇಸರ್ ಆರಿಸಿದಳು.

“ಮೇಷ್ಟ್ರೇ, ಒಂದೊಂದೇ ಕಣ್ಣು ಮುಚ್ಚಿ ಆ ಗೋಡೆ ಬೋರ್ಡು ಓದಿ.”

“ಈ ವಯಸ್ಸಲ್ಲಿ ನಂಗೆ ಅ ಆ ಇ ಈ ಕಲಿಸ್ತೀಯೇನವ್ವ?”

“ತಮಾಷೆ ಬೇಡ. ಗಡಿಯಾರ ಬಿಚ್ಚೋದು ಮರ್ತೆ. ಬೆಳಕು ಅದಕ್ಕೆ ಬಡಿದು ನಿಮ್ಮ ಕಡೆ ಹಾರಿರ್ಬೇಕು.”

ಮೇಷ್ಟ್ರ ನಗು ಇಂಗಿತು. ಒಂದೊಂದೇ ಕಣ್ಣಲ್ಲಿ ಓದಿದರು. “ಒಂದಕ್ಷರನಾದ್ರೂ ತಪ್ತಾ, ನೀನೇ ನೋಡು.”

ಹೋದ ಜೀವ ಬಂದಂತಾಗಿ, ಅಕ್ಕನೂ ಎಡಗಣ್ಣು ಮುಚ್ಚಿ ಬೋರ್ಡು ನೋಡಿದಳು. ನಡುವಿನ ಅಕ್ಷರದ ಜಾಗದಲ್ಲಿ ಕಪ್ಪು ಚುಕ್ಕೆಯೊಂದು ಕೂತಿತ್ತು. ಕಣ್ಣುಜ್ಜಿದಳು, ಹೋಗಲಿಲ್ಲ. ಪಕ್ಕದ ಗೋಡೆಯತ್ತ ತಿರುಗಿದಳು, ಅದೂ ಜೊತೆಗೇ ತಿರುಗಿತು. ಟಪ್ ಎಂದದ್ದು ಯಂತ್ರವಲ್ಲ, ಗಡಿಯಾರದಿಂದ ಹಾರಿದ ಬೆಳಕು ಬಡಿದ ತನ್ನ ಕಣ್ಣೇ ಎಂದು ಆಗ ಅವಳಿಗೆ ತಿಳಿಯಿತು.

“ಏನಾಯ್ತವ್ವ?” ಎಂದರು ಮೇಷ್ಟ್ರು.

“ಕೈ ಹಿಡ್ಕೊಳ್ಳಿ ಮೇಷ್ಟ್ರೇ. ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು. ನಿಮಗಲ್ಲ, ನಂಗೆ.”