ಅಟ್ಟದ ಮೇಲಿನ ಪಾಯಸ

ಕೋಲ್ಕತ್ತದ ಸಾಲ್ಟ್ ಲೇಕಿನ ಪ್ರಯೋಗಾಲಯದಲ್ಲಿ ನಾನು ಪುನುಗು ಬೆಕ್ಕಿನ ಕೂದಲಿನಿಂದ ಡಿಎನ್‌ಎ ತೆಗೆಯುವವಳು. ಹಳ್ಳಿಯ ತೋಟಗಳ ಪುನುಗಿಗೂ ನಗರದ ಅಟ್ಟಗಳಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿರುವ ಪುನುಗಿಗೂ ವಂಶವಾಹಿಗಳಲ್ಲಿ ವ್ಯತ್ಯಾಸ ಬಂದಿದೆಯೇ ಎಂಬುದು ನಮ್ಮ ಪ್ರಶ್ನೆ. ಈ ಹುಚ್ಚು ನನಗೆ ಹಿಡಿದದ್ದು ಪುಸ್ತಕದಿಂದಲ್ಲ, ಗರಿಯಾಹಾಟಿನ ಹತ್ತಿರದ ಅಪ್ಪನ ಉಡುಪಿ ಹೋಟೆಲಿನ ಅಟ್ಟದಿಂದ.

ಅಪ್ಪ ಅಡುಗೆಯ ರುಚಿ ನೋಡುವವರಲ್ಲ. ನೈವೇದ್ಯವಾಗುವ ಮೊದಲು ನಾಲಿಗೆಗೆ ತಾಗಬಾರದೆಂದು ಉಪ್ಪು, ಹುಳಿ ಎಲ್ಲವನ್ನೂ ಮೂಗಿನಿಂದಲೇ ಅಳೆಯುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಂಜೆ ಹೋಟೆಲಿನ ತುಂಬ ಇಲ್ಲಿ ಪಾಯಸಕ್ಕೆ ಹಾಕುವ ಗೋವಿಂದಭೋಗ್ ಅಕ್ಕಿ ಬೇಯುವ ಪರಿಮಳ. ಅಡುಗೆಭಟ್ಟರು ತಮ್ಮನ್ನು ಕೇಳದೆ ಪಾಯಸ ಇಟ್ಟಿದ್ದಾರೆಂದು ಅಪ್ಪ ರೇಗಿದರು. ಪಾತ್ರೆಗಳನ್ನೆಲ್ಲ ತೆರೆಸಿದರೂ ಪಾಯಸವಿಲ್ಲ. ಆದರೆ ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಚಹಾ ಕುಡಿಯುತ್ತಿದ್ದ ಬಂಗಾಳಿ ಗಿರಾಕಿಯೊಬ್ಬರು ಮೇಲಕ್ಕೆ ಕೈ ತೋರಿಸಿ, ಅದು ಭಾಮ್, ಅದು ಇದ್ದಲ್ಲಿ ಇದೇ ವಾಸನೆ ಎಂದರು. ಭಾಮ್ ಅಂದರೆ ಪುನುಗು.

ಭಟ್ಟರು ವಾರಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟರು. ಕದ್ದು ಪಾಯಸ ಮಾಡಿದವನೆನ್ನಿಸಿಕೊಂಡದ್ದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಅಮ್ಮ ಮಾತ್ರ ಬನ್ಸಿಗೆಂದು ತಂದ ಕಳಿತ ಬಾಳೆಹಣ್ಣಿನಲ್ಲಿ ಒಂದನ್ನು ದಿನವೂ ಅಟ್ಟದ ಕಂಡಿಯಲ್ಲಿಡತೊಡಗಿದಳು. ಟ್ರಾಮಿನ ಗಂಟೆ, ಒಗ್ಗರಣೆಯ ಚಟಪಟ, ಮೇಲಿಂದ ಇಳಿಯುವ ಆ ಪಾಯಸದ ಗಮ. ಆ ಸಂಜೆಗಳು ಇನ್ನೊಮ್ಮೆ ಸಿಕ್ಕರೆ ನಾನು ಏನು ಬೇಕಾದರೂ ಕೊಟ್ಟೇನು.

ಕೊರೋನಾ ಕಾಲದಲ್ಲಿ ಅಪ್ಪನಿಗೆ ಬಂದ ಜ್ವರ ಹೋಗುವಾಗ ಮೂಗನ್ನೂ ಕೊಂಡೊಯ್ದಿತು. ಹೋಟೆಲು ಮತ್ತೆ ತೆರೆಯಿತು, ಅಪ್ಪ ಅಡುಗೆಮನೆಗೆ ಕಾಲಿಡಲಿಲ್ಲ. ವಾಸನೆ ತಿಳಿಯದವನಿಗೆ ಹೋಟೆಲು ಯಾಕೆ, ಮಾರಿಬಿಡುತ್ತೇನೆ ಎನ್ನತೊಡಗಿದರು. ಒಂದು ದಿನ ನನ್ನನ್ನು ಕೇಳಿದರು: "ಪ್ರಾಣಿಗಳೆಲ್ಲ ಹೊಂದಿಕೊಳ್ತವೆ ಅಂತಿಯಲ್ಲ, ನನಗೆ ಎಷ್ಟು ಸಮಯ ಬೇಕು?"

ವಂಶವಾಹಿಯ ಬದಲಾವಣೆ ಒಂದು ಜೀವದ ಆಯುಸ್ಸಿನಲ್ಲಿ ಆಗುವುದಲ್ಲ, ಅದು ಸಂತತಿಯ ಸಂಗತಿ, ತಲೆಮಾರುಗಳು ಹಿಡಿಯುತ್ತವೆ ಎಂದೆ. ಹೇಳಿದ್ದು ನಿಜವೇ, ಆದರೆ ಅಪ್ಪ ಕೇಳಿದ್ದು ಅದನ್ನಲ್ಲ.

"ಹಾಗಾದ್ರೆ ಅದು ನನ್ನ ಪಾಲಿಗಿಲ್ಲ" ಎಂದು ಅಪ್ಪ ಗಲ್ಲಾದ ಕಡೆ ತಿರುಗಿದರು.

ಚಳಿ ಶುರುವಾದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅಟ್ಟದಲ್ಲಿ ಸದ್ದಾಯಿತು, ಹಳೆಯ ಪುನುಗಿನ ಮರಿಮಕ್ಕಳಿರಬೇಕು. ಇದ್ದಕ್ಕಿದ್ದಂತೆ ಅಪ್ಪ ಎದ್ದು ಸೀದಾ ಅಡುಗೆಮನೆಗೆ ನುಗ್ಗಿದರು.

"ನನ್ನನ್ನು ಕೇಳದೆ ಪಾಯಸ ಇಟ್ಟದ್ದು ಯಾರು ಮಾರಾಯ?"

ಇಷ್ಟು ವರ್ಷಗಳ ಪುನುಗು ಆ ಕ್ಷಣ ಅವರಿಗೆ ಮರೆತೇಹೋಗಿತ್ತು. ಒಲೆಯ ಮೇಲೆ ಸಾರು ಬಿಟ್ಟರೆ ಏನೂ ಇರಲಿಲ್ಲ. ಅವರಷ್ಟೇ ಮುದುಕರಾಗಿದ್ದ ಭಟ್ಟರು ಸೌಟು ಕೆಳಗಿಟ್ಟು, ತುಂಬಿದ ಕಣ್ಣನ್ನು ಬೈರಾಸಿನಿಂದ ಒರೆಸಿಕೊಂಡರು.

"ನಾನೇ ಇಟ್ಟದ್ದು, ತಪ್ಪಾಯ್ತು" ಎಂದರು.