ಕಾಣೆಯಾದ ಅರ್ಧ ವೋಲ್ಟು

ಸೀಸ ಕರಗಿಸಿ ತಂತಿ ಬೆಸೆಯುವುದನ್ನು, ಅಂದರೆ ಸೋಲ್ಡರ್ ಮಾಡುವುದನ್ನು, ನನಗೆ ಕಲಿಸಿದವಳು ಅಕ್ಕ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಆ ಕೆಲಸ ಮಾಡಿದ್ದಳು. ಕೊನೆಗೆ ಟೆಸ್ಟಿಂಗ್ ವಿಭಾಗದಲ್ಲಿದ್ದು ಕಂಪ್ಯೂಟರ್ ಚಿಪ್ಪುಗಳಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿತಿದ್ದಳು. ಭಾವ ತೀರಿಕೊಂಡ ಮೇಲೆ ತರೀಕೆರೆಗೆ ಬಂದು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನಿಂತಳು. ನನ್ನದು ಕಡೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ.

ಎಂಬತ್ತರ ದಶಕದ ಕೊನೆಯ ಮಾತು. ಅಜ್ಜಂಪುರದ ಒಂದು ಶಾಲೆಗೆ ಅಂಥದೊಂದು ಚಿಪ್ಪಿಟ್ಟು ಹೊತ್ತಿಗೆ ಸರಿಯಾಗಿ ತಾನಾಗಿ ಹೊಡೆಯುವ ಗಂಟೆ ಮಾಡಿಕೊಡಲು ಅಕ್ಕ ಒಪ್ಪಿಕೊಂಡಳು. ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಯಂತ್ರ ಕಾರ್ಖಾನೆಯಲ್ಲಿತ್ತು. ಇಲ್ಲಿ ಎಲ್ಲಿ ಸಿಗಬೇಕು? ಮರದ ಪೆಟ್ಟಿಗೆಯಲ್ಲಿ ತಾನೇ ಒಂದು ಕಟ್ಟಿದಳು. ಗುಂಡಿ ಒತ್ತಿದರೆ ಚಿಪ್ಪು ಪ್ರೋಗ್ರಾಮಿನ ಒಂದೇ ಹೆಜ್ಜೆ ನಡೆದು ನಿಲ್ಲುತ್ತಿತ್ತು. ಅದರೊಳಗೆ ಏನಿದೆಯೆಂದು ಸಣ್ಣ ಕೆಂಪು ದೀಪಗಳು ತೋರಿಸುತ್ತಿದ್ದವು.

ಆದರೆ ಐದಾರು ದೀಪ ಒಟ್ಟಿಗೆ ಹತ್ತಿದರೆ ಚಿಪ್ಪು ಎಲ್ಲವನ್ನೂ ಮರೆತು ಮೊದಲಿನಿಂದ ಶುರುಮಾಡುತ್ತಿತ್ತು. ಐದು ವೋಲ್ಟ್ ಇರಬೇಕಾದಲ್ಲಿ ನಾಲ್ಕೂವರೆಗೆ ಇಳಿಯುತ್ತಿತ್ತು.

"ಈ ಊರಿನ ಕರೆಂಟೇ ಸರಿಯಿಲ್ಲ ಕಣೋ. ನಿನ್ನ ಅಂಗಡೀಲಿ ಬ್ಯಾಟ್ರಿಗೆ ಕೊಟ್ಟು ನೋಡು" ಎಂದಳು.

ಕಡೂರಿಗೆ ಒಯ್ದು ಲಾರಿ ಬ್ಯಾಟರಿಗೆ ಜೋಡಿಸಿದೆ. ಅದೇ ಕತೆ. ವೋಲ್ಟೇಜನ್ನು ಐದಕ್ಕೆ ನಿಲ್ಲಿಸುವ ರೆಗ್ಯುಲೇಟರ್ ಬದಲಾಯಿಸಿದೆ; ಅದೂ ಅಲ್ಲ. ಆಮೇಲೆ ಒಂದೊಂದೇ ಬೆಸುಗೆಯ ಜಾಯಿಂಟಿನ ಎರಡೂ ಕಡೆ ಮೀಟರ್ ಇಟ್ಟು ನೋಡುತ್ತಾ ಬಂದೆ. ಅರ್ತ್ ತಂತಿಯ ಜಾಯಿಂಟುಗಳಲ್ಲಿ, ಏನೂ ತೋರಿಸಬಾರದ ಕಡೆ, ಮುಳ್ಳು ಅಲುಗಿತು. ಕಳೆದುಹೋದ ಅರ್ಧ ವೋಲ್ಟು ಅಲ್ಲಿತ್ತು.

ಭೂತಗನ್ನಡಿ ಹಿಡಿದೆ. ಸೀಸ ಆರುವ ಮೊದಲೇ ತಂತಿ ಅಲುಗಿದರೆ ಜಾಯಿಂಟು ಹೊಳಪಿಲ್ಲದೆ ತರಿತರಿಯಾಗುತ್ತದೆ. ಅಕ್ಕ ಮೊದಲು ಹಾಕಿದವು ಕನ್ನಡಿಯಂತಿದ್ದವು. ಈಚೆಗೆ ಅರ್ತ್ ತಂತಿಗೆ ಹಾಕಿದ ಏಳೂ ತರಿತರಿಯಾಗಿದ್ದವು. ನನ್ನ ಕೆಲಸದಲ್ಲಿ ಇಂಥದೊಂದು ಕಂಡರೂ ಕಿತ್ತು ಮತ್ತೆ ಹಾಕಿಸುತ್ತಿದ್ದವಳು ಅವಳು. ಏಳನ್ನೂ ಹೊಸದಾಗಿ ಹಾಕಿದೆ. ದೀಪಗಳೆಲ್ಲ ಹತ್ತಿದರೂ ಐದು ವೋಲ್ಟ್ ಕದಲಲಿಲ್ಲ. ಸರಿಹೋಯಿತೆಂಬ ಸಮಾಧಾನ ಮಾತ್ರ ಬರಲಿಲ್ಲ.

ಮಾರನೆಯ ದಿನ ತರೀಕೆರೆಗೆ ಹೋಗಿ ಪೆಟ್ಟಿಗೆ ಅವಳ ಮುಂದಿಟ್ಟೆ.

"ಏನಾಗಿತ್ತು?"

"ಒಂದು ಕಡೆ ಜಾಯಿಂಟು ಡ್ರೈ ಆಗಿತ್ತು, ಸರಿಯಾಗಿ ಕೂತಿರಲಿಲ್ಲ."

ಅವಳು ಒಳಗಿನ ಬೋರ್ಡನ್ನು ತೆಗೆದು ತಿರುಗಿಸಿ ಬೆಳಕಿಗೆ ಹಿಡಿದಳು. "ಲೇ, ನಿನ್ನ ಕೈ ಕೆಲಸ ನಂಗೆ ಗೊತ್ತಾಗಲ್ವಾ? ಏಳು ಕಡೆ ಹಾಕಿದೀಯ."

ಅವಳ ಬಲಗೈ ಬೆರಳುಗಳ ತುದಿಯಲ್ಲಿ ಸುಟ್ಟ ಬೊಕ್ಕೆಗಳು ಆಗ ಕಣ್ಣಿಗೆ ಬಿದ್ದವು.

"ಬಿಸಿ ತಾಗಿದ್ರೂ ಗೊತ್ತಾಗ್ತಿಲ್ಲ ಕಣೋ" ಎಂದಳು. "ಐದಾರು ತಿಂಗಳಾಯ್ತು. ತಂತಿ ಹಿಡ್ಕೊಂಡಿದೀನಿ ಅಂದ್ಕೋತೀನಿ, ಹಿಡ್ಕೊಂಡೇ ಇರಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸೋಲ್ಡರಿಂಗ್ ಐರನ್ನು ಎತ್ತಿಟ್ಬಿಡ್ತಿದ್ದೆ ನೀನು."

ನರಗಳ ಕಾಯಿಲೆ ಎಂದರು ಶಿವಮೊಗ್ಗದ ಡಾಕ್ಟರು. ಅಕ್ಕ ಮತ್ತೆ ಸೋಲ್ಡರ್ ಮಾಡಲಿಲ್ಲ. ಅವಳು ಕೂತು ಹೇಳಿದಂತೆ ನಾನು ಗಂಟೆಯ ಕೆಲಸ ಮುಗಿಸಿದೆ. ಪ್ರೋಗ್ರಾಂ ಅವಳೇ ಬಾಯಲ್ಲಿ ಹೇಳಿದಳು. ನಾನು ಅರ್ಥವಾಗದೆಯೇ ಬರೆದುಕೊಂಡೆ. ಅಜ್ಜಂಪುರದಲ್ಲಿ ಅದು ಮೊದಲ ಸಲ ಹೊಡೆದಾಗ ಶಾಲೆಯ ಜಗಲಿಯಲ್ಲಿ ಕೂತು ಕೇಳಿದಳು.

ಎರಡು ವರ್ಷಕ್ಕೆ ಅಕ್ಕ ತೀರಿಹೋದಳು. ಆಮೇಲೊಮ್ಮೆ ಶಾಲೆಯವರು ರಜೆಯ ದಿನವೂ ಗಂಟೆ ಹೊಡೆಯುತ್ತದೆ, ಸರಿಮಾಡಿ ಎಂದು ಹೇಳಿಕಳಿಸಿದರು. ಹೋಗಿ ವೋಲ್ಟೇಜು ನೋಡಿದೆ, ಐದಕ್ಕೆ ಐದು ಇತ್ತು. ನನಗೆ ಬರುತ್ತಿದ್ದುದು ಅಷ್ಟೇ; ಪ್ರೋಗ್ರಾಂ ಅಕ್ಕನಿಗೆ ಮಾತ್ರ ಗೊತ್ತಿತ್ತು. ಹೆಡ್‌ಮಾಸ್ಟರರಿಗೆ ಹಾಗೆಯೇ ಹೇಳಿ, ಗಂಟೆಯ ತಂತಿ ಬಿಚ್ಚಿಟ್ಟು ಬಂದೆ.