ಹದಿಮೂರನೆಯ ಚೀಟಿ

ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ನಿವೃತ್ತ ರಾಯಭಾರಿಯೊಬ್ಬರು ಕೂಡ "ಅಕ್ಕಾ, ಈ ಭಾನುವಾರ ನಾನೇನು ಮಾತಾಡಬೇಕು?" ಎಂದು ಶಾಲೆಯ ಹುಡುಗನ ಹಾಗೆ ಕೇಳುತ್ತಿದ್ದರು. ಹೊಟ್ಟೆಪಾಡಿಗೆ ಅವಳು ವಿದೇಶಾಂಗ ಇಲಾಖೆಯ ಗ್ರಂಥಾಲಯದಲ್ಲಿ ಹಳೆಯ ಒಪ್ಪಂದಗಳ ಕಡತ ಜೋಡಿಸುತ್ತಿದ್ದಳು. ಜೀವ ಇದ್ದದ್ದು ಮಾತ್ರ ಭಾನುವಾರದ ಬಳಗದಲ್ಲಿ.

ಬಳಗ ಶುರುವಾಗಿ ಹನ್ನೊಂದು ವರ್ಷವಾಗಿತ್ತು. ಇಲಾಖೆಗೆ ಹೊಸದಾಗಿ ಸೇರಿದ ಎಳೆಯರು, ಹೊರದೇಶಗಳ ವಿಚಾರ ಬರೆಯುವ ಪತ್ರಿಕೆಯವರು, ಭಾಷಾಂತರ ಮಾಡುವವರು, ಇಂಥವರೆಲ್ಲ ಒಂದು ಭಾಷಾ ಶಾಲೆಯ ಎರಡನೆಯ ಮಹಡಿಯ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಸೇರುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಪ್ರತಿ ಹೊಸಬರಿಗೂ ಒಬ್ಬ ಅನುಭವಸ್ಥರನ್ನು ಗಂಟು ಹಾಕುವುದು, ಸಂದರ್ಶನದ ಅಭ್ಯಾಸ ಮಾಡಿಸುವುದು, ಮೇಜಿನ ಎದುರು ಬದಿಯವರ ಮುಂದೆ ಹೇಗೆ ಕೂರಬೇಕು, 'ಬೇಡ' ಎಂಬ ಮಾತನ್ನು ಬಾಯಿಯಿಂದ ಹೊರಡಿಸದೆಯೇ ಬೇಡ ಎನ್ನುವುದು ಹೇಗೆ ಎಂದು ಕಲಿಸುವುದು, ಇದೆಲ್ಲ ಅಕ್ಕನ ಉಸ್ತುವಾರಿ. ದೂರದ ಸಣ್ಣ ಕಚೇರಿಗಳಿಗೆ ಜನ ಬೇಕಾದಾಗ ಇಲಾಖೆಯ ಅಧಿಕಾರಿ ಅವಳನ್ನೇ ಕೇಳುತ್ತಿದ್ದರು. ಅವಳು ಒಂದು ಹೆಸರು ಬರೆದುಕೊಟ್ಟರೆ ಮುಗಿಯಿತು, ಆ ಹುಡುಗನೋ ಹುಡುಗಿಯೋ ಪೆಟ್ಟಿಗೆ ಕಟ್ಟಿದ ಹಾಗೆಯೇ.

ಮನೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ. ತಾಯಿಯ ಬಾಯಿ ಸುಮ್ಮನಿರುವ ಬಾಯಲ್ಲ.

"ಬಿಟ್ಟಿ ಕೆಲಸಕ್ಕೆ ಎರಡು ಫೋನು. ಲೋಕದ ಜಗಳ ಬಿಡಿಸೋಕೆ ಓಡ್ತಾಳೆ, ಮನೆ ನಲ್ಲಿ ಸೋರ್ತಾ ಇರೋದು ಕಾಣಲ್ಲ."

"ನಲ್ಲಿ ಜೊತೆ ಮಾತುಕತೆ ನಡೀತಾ ಇದೆ ಅಮ್ಮಾ, ಒಪ್ಪಂದ ಆಗ್ಬೇಕು ಅಷ್ಟೇ."

"ಆಗತ್ತೆ ಆಗತ್ತೆ, ನಾನು ಕಣ್ಣು ಮುಚ್ಚೋ ಹೊತ್ತಿಗೆ."

ಬಳಗಕ್ಕೆ ಒಂದು ಕಟ್ಟುನಿಟ್ಟಿನ ಕಟ್ಟಳೆಯಿತ್ತು. ಕೋಣೆಯಲ್ಲಿ ಏನು ಹೇಳಿದರು ಎಂಬುದು ಹೊರಗೆ ಹೋಗಬಹುದು, ಯಾರು ಹೇಳಿದರು ಎಂಬುದು ಹೋಗಬಾರದು. ದೊಡ್ಡ ಹುದ್ದೆಯವರು ಮನಸ್ಸು ಬಿಚ್ಚಿ ಮಾತಾಡಲು ಬರುತ್ತಿದ್ದದ್ದೇ ಈ ನಂಬಿಕೆಯ ಮೇಲೆ. ಅಕ್ಕ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಳು. ಸಭೆಯ ಕೊನೆಗೆ ಚೀಟಿ ಸುತ್ತು. ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದೇ ಬಗೆಯ ಪೆನ್ಸಿಲ್. ಎದುರಿಗೆ ಹೇಳಲಾಗದ ಒಂದು ಮಾತನ್ನು, ಕೈಬರಹದ ಗುರುತು ಸಿಗದ ಹಾಗೆ ಬಿಡಿಬಿಡಿ ಅಕ್ಷರದಲ್ಲಿ ಬರೆದು ತಗಡಿನ ಡಬ್ಬಕ್ಕೆ ಹಾಕಬೇಕು. ಟಿಪ್ಪಣಿ ಬರೆಯುವವನು ಒಂದೊಂದನ್ನೇ ತೆಗೆದು ಓದುತ್ತಾನೆ, ಎಲ್ಲರೂ ಅದರ ಮೇಲೆ ಮಾತಾಡುತ್ತಾರೆ. ಚೀಟಿ ಯಾರದು ಎಂದು ಮಾತ್ರ ಯಾರೂ ಕೇಳುವಂತಿಲ್ಲ. ಕೇಳಿದವರಿಗೆ ಬಳಗದ ಬಾಗಿಲು ಮುಚ್ಚಿದಂತೆ.

ಟಿಪ್ಪಣಿ ಬರೆಯುವವನು ದಾಖಲೆಗಳನ್ನು ಭಾಷಾಂತರಿಸುವ ಒಬ್ಬ ಸಣಕಲ ಆಸಾಮಿ. ಕಿವಿಯ ಹಿಂದೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಅವನ ಹೆಸರೇ ಪೆನ್ಸಿಲ್ ಎಂದಾಗಿತ್ತು.

ಹಿಂದಿನ ವರ್ಷ ಬಳಗದಲ್ಲಿ ಮಾತಿನಮಲ್ಲ ಎಂಬ ಅಡ್ಡಹೆಸರಿನ ಹುಡುಗನೊಬ್ಬನಿದ್ದ. ಅವನು ಬಾಯಿ ತೆರೆದರೆ ಕಲ್ಲೂ ನಗಬೇಕು. ಸಮುದ್ರದಂಚಿನ ಒಂದು ಪುಟ್ಟ ಊರಿನ ಕಚೇರಿಗೆ ಅಕ್ಕ ಅವನ ಹೆಸರು ಕೊಟ್ಟಿದ್ದಳು. ಅವನು ಹೊರಡುವ ಎರಡು ವಾರ ಮುಂಚೆ ಚೀಟಿ ಸುತ್ತಿನಲ್ಲಿ ಒಂದು ಮಾತು ಬಂತು: 'ನನಗೆ ಹೋಗಲು ಮನಸ್ಸಿಲ್ಲ. ಬೇಡ ಎನ್ನಲು ಬಾಯಿ ಬರುತ್ತಿಲ್ಲ.'

ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಎಳೆಯರ ಅಳುಕಿನ ಬಗ್ಗೆ ರಾಯಭಾರಿಗಳು ತಮ್ಮ ಮೊದಲ ಊರಿನ ಕಥೆ ಹೇಳಿದರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿ ಎಲ್ಲರನ್ನೂ ನಗಿಸಿದವನು ಮಾತಿನಮಲ್ಲನೇ. ನಗುತ್ತಿದ್ದ ಅವನ ಕೈ ಮಾತ್ರ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅಕ್ಕ ಅದನ್ನು ಕಂಡಳು. ಅವಳಿಗೆ ಗೊತ್ತಾಯಿತು. ಆದರೆ ಕಟ್ಟಳೆ ಕಟ್ಟಿದವಳೇ ಮುರಿಯುವುದೇ? ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡಳು.

ಅವನು ಹೋದ. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಬಾಡಿಗೆ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆಯೊಡತಿಗೆ ಕೊಟ್ಟು ಕಚೇರಿಗೆಂದು ಹೊರಟವನು ಕಚೇರಿಗೆ ಬರಲಿಲ್ಲ. ಎಂಟು ನಿಮಿಷದ ದಾರಿ, ಹಾಡಹಗಲು. ದಾರಿಯ ಎರಡು ಬದಿಗೂ ಅಂಗಡಿಗಳು. ಅವನನ್ನು ಕಂಡವರೇ ಇಲ್ಲ. ಹೆಣವೂ ಸಿಗಲಿಲ್ಲ, ಚಪ್ಪಲಿಯೂ ಸಿಗಲಿಲ್ಲ.

ಅದಾದ ಮೂರನೆಯ ಭಾನುವಾರ ಸಭೆಗೆ ಬಂದವರು ಹನ್ನೆರಡು ಜನ. ಡಬ್ಬದಲ್ಲಿ ಹದಿಮೂರು ಚೀಟಿಗಳಿದ್ದವು.

ಪೆನ್ಸಿಲ್ ಕೊನೆಯದನ್ನು ಬಿಡಿಸಿ ನೋಡಿದ. ಓದದೆ, ಮಡಚಿ, ಮೇಜಿನ ಕೆಳಗಿಂದ ಅಕ್ಕನ ಕೈಗೆ ದಾಟಿಸಿದ. ಮಾತಿನಮಲ್ಲನ ಅದೇ ಮಾತು, ಅಕ್ಷರ ಅಕ್ಷರವೂ ಅದೇ.

ಜನರೆಲ್ಲ ಹೋದ ಮೇಲೆ ಅಕ್ಕ ಹಲ್ಲು ಕಚ್ಚಿ ಹೇಳಿದಳು. "ಯಾರೋ ತಮಾಷೆ ಮಾಡ್ತಿದಾರೆ. ಸತ್ತವರ ಜೊತೆ ಆಡೋ ಆಟವಾ ಇದು?"

"ಅವನು ಸತ್ತ ಅಂತ ಯಾರು ಹೇಳಿದ್ರು ಅಕ್ಕಾ?" ಎಂದ ಪೆನ್ಸಿಲ್. ಆಮೇಲೆ ತಾನು ಆಡಿದ ಮಾತಿಗೆ ತಾನೇ ಬೆಚ್ಚಿ, ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ಜೇಬಿಗೆ ಇಟ್ಟುಕೊಂಡ.

ಮರುವಾರವೂ ಒಂದು ಚೀಟಿ ಹೆಚ್ಚಿತ್ತು. ಅದರ ಮರುವಾರವೂ. ಒಂಬತ್ತು ಜನ ಬಂದರೆ ಹತ್ತು, ಹದಿನಾಲ್ಕು ಜನ ಬಂದರೆ ಹದಿನೈದು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು, ಆ ಚೀಟಿಯನ್ನು ಒಮ್ಮೆಯೂ ಓದಲಿಲ್ಲ.

ಕೊನೆಗೆ ಅಕ್ಕ ಒಂದು ಉಪಾಯ ಮಾಡಿದಳು. ಗಡಿಗಳು ಬದಲಾಗಿ ಇಲಾಖೆಗೆ ಬೇಡವಾದ ಭೂಪಟದ ಹಾಳೆಗಳು ಗ್ರಂಥಾಲಯದಲ್ಲಿ ರಾಶಿ ಬಿದ್ದಿದ್ದವು. ಅಂಥದೊಂದನ್ನು ಮನೆಗೆ ತಂದು, ಬರೀ ನೀಲಿ ಸಮುದ್ರವಿದ್ದ ಮೂಲೆಯನ್ನು ಹಿಡಿದು, ತಾಯಿಯ ಎದುರಿಗೇ ಅಂಕುಡೊಂಕಾಗಿ ಹನ್ನೆರಡು ತುಂಡು ಕತ್ತರಿಸಿದಳು. ಉಳಿದ ಹಾಳೆಯನ್ನು ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸಭೆಗೆ ಬಂದವರೂ ಹನ್ನೆರಡು ಜನ. ಸಂಜೆ ಡಬ್ಬವನ್ನೇ ಎತ್ತಿಕೊಂಡು ಮನೆಗೆ ಬಂದು, ತಾಯಿಯೂ ಮಗಳೂ ನೆಲದ ಮೇಲೆ ಕೂತು ಚೀಟಿಗಳನ್ನು ಒಂದಕ್ಕೊಂದು ಕೂಡಿಸಿದರು. ಹನ್ನೆರಡು ತುಂಡುಗಳೂ ಮೊದಲಿದ್ದ ಹಾಗೇ ಕೂಡಿಕೊಂಡು ಸಮುದ್ರದ ಮೂಲೆ ಪೂರ್ತಿಯಾಯಿತು. ಹದಿಮೂರನೆಯದು ತಾಯಿಯ ಕೈಯಲ್ಲೇ ಉಳಿಯಿತು.

ತಾಯಿ ಅದನ್ನು ಕನ್ನಡಕದ ಹತ್ತಿರ ಹಿಡಿದು ಹೊರಳಿಸಿ ನೋಡಿದಳು. ಅದೇ ಕಾಗದ, ಅದೇ ನೀಲಿ. ಆದರೆ ಒಂದು ಬದಿಯಲ್ಲಿ ತೆಳುವಾಗಿ ದಡದ ಗೆರೆ, ಗೆರೆಯ ಮೇಲೆ ಒಂದು ಚುಕ್ಕೆ.

"ಇದು ಈ ಹಾಳೇದಲ್ಲ ಕಣೇ."

ಅಕ್ಕನಿಗೆ ಆ ದಡ ಗೊತ್ತಿತ್ತು. ಹುಡುಗ ಕಾಣೆಯಾದ ಮೇಲೆ ಅವಳು ಆ ಊರಿನ ಭೂಪಟವನ್ನು ಎಷ್ಟು ಸಲ ಬಿಡಿಸಿ ನೋಡಿದ್ದಳೋ ಲೆಕ್ಕವಿಲ್ಲ.

ಆವತ್ತು ತಾಯಿ ಕೊಂಕು ಮಾತಾಡಲಿಲ್ಲ. ಮೆಲ್ಲಗೆ ಎದ್ದು ಕತ್ತಲಾಗುವ ಮುಂಚೆಯೇ ಎಲ್ಲ ದೀಪ ಹಾಕಿ ಬಂದು, "ಆ ಹುಡುಗ ಹೇಳಿದಾಗ ನೀನು ಕೇಳಿಸ್ಕೊಳ್ಳಲಿಲ್ಲ. ಅದಕ್ಕೇ ಇನ್ನೂ ಹೇಳ್ತಾನೇ ಇದಾನೆ" ಎಂದಳು.

ಮರುದಿನವೇ ಇಲಾಖೆಯ ಅಧಿಕಾರಿಯ ಫೋನು ಬಂತು. ಸಮುದ್ರದಂಚಿನ ಕಚೇರಿ ಖಾಲಿ ಬಿದ್ದಿದೆ, ಯಾರನ್ನಾದರೂ ಕಳಿಸಬೇಕು. ಬಳಗದಲ್ಲಿ ಆಗ ಆ ಕೆಲಸಕ್ಕೆ ಸರಿಯಾದವಳು ಒಬ್ಬಳೇ, ಆ ವರ್ಷವಷ್ಟೇ ಸೇರಿದ್ದ ಚುರುಕು ಹುಡುಗಿ. ನಿಂತಲ್ಲಿ ನಿಲ್ಲದ ಅವಳನ್ನು ಗುಬ್ಬಚ್ಚಿ ಎನ್ನುತ್ತಿದ್ದರು. ಮಾತಿನಮಲ್ಲನನ್ನು ಅವಳು ಕಂಡವಳೇ ಅಲ್ಲ. ಅಕ್ಕ ಇಲ್ಲದ ನೆಪಗಳನ್ನೆಲ್ಲ ಹೇಳಿ ದಿನ ತಳ್ಳಿದಳು. ವಿಷಯ ಹೇಗೋ ಗುಬ್ಬಚ್ಚಿಯ ಕಿವಿಗೆ ಬಿದ್ದು ಅವಳೇ ಓಡಿ ಬಂದಳು.

"ನನ್ನ ಹೆಸರು ಕೊಡಿ ಅಕ್ಕಾ, ದಮ್ಮಯ್ಯ. ನಮ್ಮಪ್ಪ ಆಗ್ಲೇ ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ, ಮಗಳು ರಾಯಭಾರಿ ಆದ್ಲು ಅಂತ."

"ಅಲ್ಲಿ ಇರೋದು ಎರಡು ಮೇಜು, ಒಂದು ಫ್ಯಾನು ಕಣೇ."

"ಫ್ಯಾನ್ ಕೆಳಗೆ ಕೂರೋ ರಾಯಭಾರಿ ಆಗ್ತೀನಿ ಬಿಡಿ!"

ಅಷ್ಟು ಖುಷಿಯಾಗಿ ಕೇಳುವವಳಿಗೆ ಇಲ್ಲ ಎನ್ನುವುದು ಹೇಗೆ? ಚೀಟಿಯ ಕಥೆ ಹೇಳಿದರೆ ಹುಚ್ಚಿ ಎಂದಾರು. ಶುಕ್ರವಾರ ಅಕ್ಕ ಶಿಫಾರಸು ಪತ್ರ ಬರೆದು ಲಕೋಟೆಗೆ ಹಾಕಿದಳು. ಸೋಮವಾರ ಕೊಟ್ಟುಬಿಡುವುದು ಎಂದುಕೊಂಡಳು.

ನಡುವೆ ಭಾನುವಾರ ಬಂತು. ಹನ್ನೆರಡು ಜನ ಸೇರಿದ್ದರು. ಪೆನ್ಸಿಲ್ ಡಬ್ಬವನ್ನು ಬೋರಲು ಹಾಕಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಅಷ್ಟು ತಿಂಗಳಲ್ಲಿ ಮೊದಲ ಸಲ ಅವನ ಮುಖ ಅರಳಿತು. ಅಕ್ಕನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ.

"ಹನ್ನೆರಡೇ ಅಕ್ಕಾ. ಪೀಡೆ ತೊಲಗ್ತು."

ಒಂದೊಂದೇ ಚೀಟಿ ಓದುತ್ತ ಹೋದ. ಹನ್ನೊಂದು ಮುಗಿದವು. ಹನ್ನೆರಡನೆಯದನ್ನು ಬಿಡಿಸಿದವನು ಓದಲಿಲ್ಲ. ಅಭ್ಯಾಸ ಬಲದಿಂದ ಮಡಚಿ ಮೇಜಿನ ಕೆಳಗಿಂದ ಅಕ್ಕನಿಗೆ ಕೊಟ್ಟ.

'ನನಗೆ ಹೋಗಲು ಮನಸ್ಸಿಲ್ಲ. ಬೇಡ ಎನ್ನಲು ಬಾಯಿ ಬರುತ್ತಿಲ್ಲ.'

ಹದಿಮೂರನೆಯ ಚೀಟಿಗಿಂತ ಇದು ಅಕ್ಕನನ್ನು ಹೆಚ್ಚು ಹೆದರಿಸಿತು. ಹೆಚ್ಚುವರಿ ಚೀಟಿ ಇಲ್ಲವೆಂದರೆ, ಇದನ್ನು ಬರೆದವರು ಈ ಕೋಣೆಯಲ್ಲೇ ಉಸಿರಾಡುತ್ತ ಕೂತಿದ್ದಾರೆ.

ಕಿಟಕಿಯಾಚೆ ಬಿಸಿಲು ಬೆಳ್ಳಗೆ ಹರಡಿತ್ತು. ಬೀದಿಯ ಸದ್ದೆಲ್ಲ ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಗಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಕ್ಕ ಎದ್ದು ನಿಂತು ಆ ಮಾತನ್ನು ಗಟ್ಟಿಯಾಗಿ ಓದಿದಳು. ಓದಿ ಕೇಳಿದಳು.

"ಇದು ಯಾರದು?"

ರಾಯಭಾರಿಗಳು ಕನ್ನಡಕ ತೆಗೆದರು.

"ಅಕ್ಕಾ, ಏನು ಕೇಳ್ತಿದೀರಿ ಅನ್ನೋದು ನಿಮಗೆ ಗೊತ್ತಿದೆಯಾ?"

"ಗೊತ್ತಿದೆ ಸಾರ್. ಹೋದ ವರ್ಷ ಕೇಳಬೇಕಿತ್ತು, ಕೇಳಲಿಲ್ಲ."

"ಹನ್ನೊಂದು ವರ್ಷ ಈ ಕೋಣೆಗೆ ಬಂದಿದ್ದು ಒಂದು ಮಾತಿನ ಮೇಲೆ ನಂಬಿಕೆ ಇಟ್ಟು, ಅಕ್ಕಾ." ಅವರು ಕೋಪ ಮಾಡಿಕೊಳ್ಳಲಿಲ್ಲ. ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದರು. ಅವರ ಹಿಂದೆಯೇ ಇನ್ನೂ ನಾಲ್ವರು ಎದ್ದರು. ಅಕ್ಕ ತಡೆಯಲಿಲ್ಲ. ಅವಳ ಕಣ್ಣು ಗುಬ್ಬಚ್ಚಿಯ ಮೇಲಿತ್ತು.

"ನಿಂದೇನೇ?"

"ಅಯ್ಯೋ, ನಂದ್ಯಾಕೆ ಅಕ್ಕಾ? ನಾನು ಬಟ್ಟೆ ಕೂಡ ಜೋಡಿಸಿಟ್ಟಿದೀನಿ!" ಹುಡುಗಿ ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಕಣ್ಣಿನಿಂದ ಬಳಬಳನೆ ನೀರಿಳಿಯಿತು. ಅದು ಅವಳಿಗೇ ಗೊತ್ತಾದಂತೆ ಕಾಣಲಿಲ್ಲ. ಕೆನ್ನೆ ಮುಟ್ಟಿಕೊಂಡು ಒದ್ದೆ ಬೆರಳನ್ನು ಯಾರದೋ ಎಂಬಂತೆ ನೋಡಿದಳು.

"ನಂದೇ" ಎಂದಳು ಆಮೇಲೆ. "ಆದ್ರೆ ನಾನು ಬರೆಯೋಕೆ ಹೊರಟಿದ್ದು ಇದಲ್ಲ ಅಕ್ಕಾ. 'ಹೋಗೋಕೆ ತಯಾರಿದೀನಿ' ಅಂತ ಬರೆಯೋಣ ಅಂತ ಪೆನ್ಸಿಲ್ ಹಿಡಿದೆ. ಕೈ ಇದನ್ನ ಬರೀತು. ಅಳಿಸೋಣ ಅಂತ ನೋಡಿದೆ, ಓದಿದ್ರೆ ಎಲ್ಲಾ ನಿಜ ಅನ್ನಿಸ್ತು. ನಂಗೆ ಆ ಊರು ನೆನೆಸ್ಕೊಂಡ್ರೆ ಉಸಿರು ಕಟ್ಟತ್ತೆ. ಅಪ್ಪನ ಮುಖ ನೋಡಿದ್ರೆ ಹೇಳೋಕಾಗಲ್ಲ."

"ಈ ಮಾತು ಮುಂಚೆ ಎಲ್ಲಾದ್ರೂ ಕೇಳಿದ್ಯಾ?"

"ಇಲ್ಲ. ಯಾಕೆ?"

ಪೆನ್ಸಿಲ್ ತನ್ನ ಟಿಪ್ಪಣಿ ಪುಸ್ತಕವನ್ನು ಸದ್ದಿಲ್ಲದೆ ಮುಚ್ಚಿದ. ಅಕ್ಕ ಹುಡುಗಿಯ ತಲೆ ಸವರಿ, "ಏನಿಲ್ಲ. ಅಪ್ಪನ ಹತ್ರ ನಾನು ಮಾತಾಡ್ತೀನಿ" ಎಂದಳು.

ಸೋಮವಾರ ಅವಳು ಇಲಾಖೆಗೆ ರಜೆ ಹಾಕಿದಳು. ತಾಯಿ ಪಕ್ಕದ ಮನೆಗೆ ಹೋಗಿದ್ದಳು. ಹನ್ನೊಂದು ಗಂಟೆಗೆ ಅಧಿಕಾರಿಯ ಫೋನು ಬಂತು. ಲಕೋಟೆ ಬರಲಿಲ್ಲವಲ್ಲ ಎಂದರು. ಆ ಹುಡುಗಿ ಹೋಗುವುದಿಲ್ಲ ಎಂದಳು ಅಕ್ಕ.

"ಹೋಗ್ಲಿ ಬಿಡಿ. ಇನ್ನೊಬ್ಬರ ಹೆಸರು ಕೊಡಿ. ನಿಮ್ಮ ಹತ್ರ ಎಳೆಯರಿಗೇನು ಬರವೇ?"

ಬಳಗದ ಮುಂದಿನ ವರ್ಷದ ಕೋಣೆ, ಇಲಾಖೆಯ ಒಲವು, ಎಷ್ಟೋ ಹುಡುಗರ ಮುಂದಿನ ದಾರಿ, ಎಲ್ಲ ಆ ಒಂದು ಉತ್ತರಕ್ಕೆ ಜೋತುಬಿದ್ದಿದ್ದವು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ. ಆ ಕಡೆಯಿಂದ ಅಧಿಕಾರಿಯ ದನಿ ಬದಲಾಯಿತು.

"ಬೇಡ ಅಂದ್ರೆ? ಯಾರ್ರೀ ಅದು ನಿಮ್ಮ ಪಕ್ಕದಲ್ಲಿ, ಗಂಡು ದನಿ? ನಾನು ಕೇಳ್ತಿರೋದು ನಿಮ್ಮನ್ನ."

ಅಕ್ಕ ತಿರುಗಿ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು.

"ಬರ್ಕೊಳ್ಳಿ ಸಾರ್" ಎಂದಳು. "ಆ ಊರಿಗೆ ಈ ಬಳಗದಿಂದ ಯಾರೂ ಹೋಗಲ್ಲ. ಹೇಳಿದ್ದು ನಾನೇ ಅಂತ ನನ್ನ ಹೆಸರೂ ಬರ್ಕೊಳ್ಳಿ."